ನಡೆಯೋಕೆ ಟ್ರೈನಿಂಗ್ ನಡೀತಿದೆ, ದಯವಿಟ್ಟು ಹಾರನ್ ಹೊಡೀಬೇಡಿ

ಬೆಂಗಳೂರಲ್ಲಿ ಸುಮ್ನೆ ನಡ್ಕೊಂಡು ಹೋಗೋನನ್ನ ಯಾರೂ ನಂಬಲ್ಲ ಕಣ್ರೀ. ಗಾಡಿ ಕೆಟ್ಟೋಯ್ತಾ ಅಂತಾರೆ, ಡಾಕ್ಟ್ರು ಹೇಳಿದ್ರಾ ಅಂತಾರೆ, ತೀರಾ ಹತ್ತಿರದೋರಾದ್ರೆ ಪಕ್ಕಕ್ಕೆ ಕರ್ದು ಸಾಲ ಗೀಲ ಜಾಸ್ತಿ ಆಗಿದ್ಯೇನಪ್ಪಾ ಅಂತ ಮೆಲ್ಲಗೆ ಕೇಳ್ತಾರೆ. ಅದೇ ಎದೆ ಮೇಲೊಂದು ನಂಬರ್ ಅಂಟಿಸ್ಕೊಂಡು, ಬೆನ್ನ ತುಂಬಾ ಕಂಪನಿ ಲೋಗೋ ಇರೋ ಟೀಶರ್ಟ್ ಹಾಕ್ಕೊಂಡು, ಚಾರಿಟಿಗೋಸ್ಕರ 100 ಕಿಲೋಮೀಟರ್ ನಡೀತಿದೀನಿ ಅನ್ನಿ, ಅದೇ ಜನ ಚಪ್ಪಾಳೆ ತಟ್ತಾರೆ, ಸ್ಟೇಟಸ್ ಹಾಕ್ತಾರೆ, ಬಾಳೆಹಣ್ಣು ಸುಲಿದು ಕೈಗೆ ಕೊಡ್ತಾರೆ. ಒಟ್ನಲ್ಲಿ ಈ ಊರಲ್ಲಿ ನಡಿಗೆ ಅನ್ನೋದು ಈವೆಂಟ್ ಆಗಿದ್ರೆ ಲೀಗಲ್ಲು, ಹಾಲು ತರೋಕೆ ನಡೆದ್ರೆ ನ್ಯೂಸೆನ್ಸು.

ನಾನೂ ನನ್ನ ಗೆಳೆಯನೂ ಈಗ ಅಂಥದ್ದೊಂದು ವಾಕ್‌ಗೆ ಹೆಸರು ಕೊಟ್ಟಿದೀವಿ. ಈ ನೂರು ಕಿಲೋಮೀಟರ್ ಹುಚ್ಚಿನ ಮೂಲ ಹಾಂಗ್‌ಕಾಂಗು. 1981ರಲ್ಲಿ ಅಲ್ಲಿದ್ದ ಗೂರ್ಖಾ ಸೈನಿಕರಿಗೆ ತರಬೇತಿ ಅಂತ ಮ್ಯಾಕ್‌ಲೆಹೋಸ್ ಟ್ರೇಲ್ ಅನ್ನೋ ಬೆಟ್ಟಗುಡ್ಡದ ದಾರೀಲಿ ಶುರುವಾಗಿದ್ದು, 1986ರಲ್ಲಿ ಬಡತನದ ವಿರುದ್ಧ ಕೆಲಸ ಮಾಡೋ ಆಕ್ಸ್‌ಫ್ಯಾಮ್ ಅನ್ನೋ ಸಂಸ್ಥೆ ಸೇರ್ಕೊಂಡು ಸಾಮಾನ್ಯ ಜನಕ್ಕೂ ಬಾಗಿಲು ತೆಗೀತು. ನಾಲ್ಕು ಜನರ ಟೀಮು, 48 ಗಂಟೆ ಟೈಮು, ಜೊತೆಗೆ ದುಡ್ಡು ಎತ್ತಬೇಕು. ಟ್ರೇಲ್‌ವಾಕರ್ ಅಂತ ಅದರ ಹೆಸರು, 2012ರಲ್ಲಿ ಬೆಂಗಳೂರಿಗೂ ಬಂತು, ಆಮೇಲೆ ಅದೇ ಮಾದರೀಲಿ ಬೇರೆಬೇರೆಯೋರೂ ಮಾಡ್ತಿದಾರೆ. ಗೂರ್ಖಾಗಳು ಪಾಪ ಕಷ್ಟದ ದಾರಿ ಬೇಕು ಅಂತ ಬೆಟ್ಟ ಹುಡುಕ್ಕೊಂಡು ಹೋಗ್ಬೇಕಿತ್ತು. ನಮಗೆ ಮನೆ ಗೇಟ್ ತೆಗೆದ್ರೆ ಸಾಕು.

ನಾಲ್ಕು ಜನರ ಟೀಮಲ್ಲಿ ನಡೆಯೋರು ನಾವಿಬ್ರು. ಇನ್ನಿಬ್ರು ವಾಟ್ಸಾಪ್ ಗ್ರೂಪಲ್ಲಿ ಇದಾರೆ, ದಿನಾ ತಪ್ಪದೇ ಥಂಬ್ಸ್ ಅಪ್ ಹಾಕ್ತಾರೆ.

ಗೆಳೆಯ ತನಗೆ ತಾನೇ ಕೋಚ್ ಅಂತ ಪಟ್ಟ ಕಟ್ಕೊಂಡ. ಇಂಟರ್ನೆಟ್ಟಿಂದ ಒಂದು ಚಾರ್ಟ್ ಇಳಿಸಿದ, ವಾರದ ದಿನ ಸಣ್ಣ ನಡಿಗೆ, ಶನಿವಾರ ಭಾನುವಾರ ಬೆನ್ನುಬೆನ್ನಿಗೆ ಉದ್ದ ನಡಿಗೆ, ಮಧ್ಯೆ ಹಣೆಗೆ ಟಾರ್ಚ್ ಕಟ್ಕೊಂಡು ರಾತ್ರಿ ನಡಿಗೆ. ಬೊಬ್ಬೆ ಬರಬಾರ್ದು ಅಂತ ಎರಡು ಜೊತೆ ಸಾಕ್ಸು, ಬೆರಳ ಸಂದೀಲಿ ವ್ಯಾಸಲೀನ್, ಹಿಮ್ಮಡಿಗೆ ಆಸ್ಪತ್ರೆಯೋರು ಹಾಕೋ ಬಿಳೀ ಪೇಪರ್ ಟೇಪು. ಚಾರ್ಟಲ್ಲಿ ಒಂದು ಸಾಲಿತ್ತು: ‘ಕಲ್ಲುಮುಳ್ಳಿನ, ಏರುತಗ್ಗಿನ ದಾರೀಲಿ ಅಭ್ಯಾಸ ಮಾಡಿ, ಹತ್ತಿರದಲ್ಲಿ ಬೆಟ್ಟ ಇಲ್ದಿದ್ರೆ ಮೆಟ್ಟಿಲು ಹತ್ತಿ.’ ಅದನ್ನ ಬರೆದ ಪುಣ್ಯಾತ್ಮ ಯಾವ ದೇಶದೋನೋ, ಅವನ ಮನೆ ಮುಂದೆ ಫುಟ್‌ಪಾತ್ ಚಪ್ಪಟೆಯಾಗಿರುತ್ತೆ ಅಂತ ಕಾಣುತ್ತೆ.

ಕಾಗದದ ಮೇಲೆ ನಮ್ದೂ ಚಪ್ಪಟೇನೇ ಬಿಡಿ. ರಸ್ತೆ ಹೆಂಗಿರಬೇಕು ಅಂತ ಅಳತೆ ಬರೆಯೋ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ ಅನ್ನೋ ಸಂಸ್ಥೆಯವರ 103ನೇ ಕೋಡ್ ಅಂತಿದೆ, ಪಾದಚಾರಿಗಳಿಗೇ ಮೀಸಲು. ಅದರ ಪ್ರಕಾರ ಕನಿಷ್ಠ 1.8 ಮೀಟರ್ ಅಗಲ, 2.2 ಮೀಟರ್ ಎತ್ತರದವರೆಗೆ ಏನೂ ಅಡ್ಡ ಇರಬಾರ್ದು, ಫುಟ್‌ಪಾತು ರಸ್ತೆಗಿಂತ 150 ಮಿಲಿಮೀಟರ್‌ಗಿಂತ ಮೇಲೆ ಇರಬಾರ್ದು. 150 ಮಿಲಿಮೀಟರ್ ಅಂದ್ರೆ ಒಂದು ಗೇಣಿಗಿಂತ ಕಮ್ಮಿ. ನಮ್ಮ ಕಡೆ ಕೆಲವು ಫುಟ್‌ಪಾತ್ ಹತ್ತೋಕೆ ಮೊಣಕಾಲ ಮೇಲೆ ಕೈ ಊರಿ ‘ಅಮ್ಮಾ’ ಅನ್ಬೇಕು. ಹತ್ತಿ ಮುಗೀತು ಅನ್ನೋಷ್ಟರಲ್ಲಿ ಯಾರದೋ ಗೇಟು ಬರುತ್ತೆ, ಇಳೀಬೇಕು, ಮತ್ತೆ ಹತ್ತಬೇಕು. ಕೋಚ್ ಸಾಹೇಬ್ರ ಸ್ಮಾರ್ಟ್ ವಾಚು ಒಂದು ಕ್ರಾಸ್ ಮುಗಿಯೋಷ್ಟರಲ್ಲಿ ‘ಶಭಾಷ್, ಮಹಡಿ ಹತ್ತಿದೀರಿ’ ಅಂತ ಕುಣಿಯೋಕೆ ಶುರು ಮಾಡುತ್ತೆ.

ನಮ್ಮ ರೋಡಿನ ಒಂದೇ ಒಂದು ತುಂಡು ತೋರಿಸ್ತೀನಿ ನೋಡಿ. ಮೊದಲ್ನೇ ಮನೆ ಮುಂದೆ ಕಾರು ಹತ್ತಿಸೋಕೆ ಪಾಲಿಶ್ ಮಾಡಿದ ಗ್ರಾನೈಟ್ ರ‍್ಯಾಂಪು, ಮಳೆ ಬಂದ್ರೆ ಕಾಲಿಟ್ಟೋನು ನೇರ ರೋಡಿಗೆ. ಅದು ದಾಟಿದ್ರೆ ಎರಡನೇ ಮನೆಯೋರ ಗಾರ್ಡನ್ನು, ಫುಟ್‌ಪಾತ್ ಮೇಲೇನೇ, ಸುತ್ತ ಕಬ್ಬಿಣದ ಬೇಲಿ, ಒಳಗೆ ನಾಲ್ಕು ದಾಸವಾಳದ ಗಿಡ, ‘ಹೂ ಕೀಳಬೇಡಿ, ಸಿಸಿಟಿವಿ ಇದೆ’ ಅಂತ ಬೋರ್ಡು. ಊರೋರ ಜಾಗ ಬೇಲಿ ಹಾಕ್ಕೊಂಡೋರಿಗೆ ಕಳ್ಳರ ಭಯ ಬೇರೆ! ಆಮೇಲೆ ಟ್ರಾನ್ಸ್‌ಫಾರ್ಮರ್ರು, ಅದರ ಕಾಲಿಗೆ ಸುತ್ತಿಟ್ಟ ಕೇಬಲ್ ಉಂಡೆ. ಅದರ ಪಕ್ಕ ಒಂದು ಚಪ್ಪಡಿ ಇಲ್ಲ, ಕೆಳಗೆ ಮೋರಿ ಕಾಣುತ್ತೆ, ಯಾರೂ ಬೀಳದೇ ಇರ್ಲಿ ಅಂತ ಒಬ್ರು ಅದರೊಳಗೆ ತೆಂಗಿನ ಗರಿ ನೆಟ್ಟಿದಾರೆ, ಆ ಗರಿ ಒಣಗಿತು ಅಂತ ಮೊನ್ನೆ ಹಸೀ ಗರಿ ತಂದು ನೆಟ್ಟಿದಾರೆ, ಚಪ್ಪಡಿ ಮಾತ್ರ ಬಂದಿಲ್ಲ. ಮೇಂಟೆನೆನ್ಸ್ ಅಂದ್ರೆ ಇದೇ ಅಲ್ವಾ.

ಇಷ್ಟರ ಮಧ್ಯೆ ಉಳಿದಿರೋ ಒಂದು ಮೊಳ ಜಾಗದಲ್ಲಿ ನಾವಿಬ್ರು ಹಿಂದೆ ಮುಂದೆ ಹೋಗ್ತಿದ್ರೆ ಬೆನ್ನ ಹಿಂದಿಂದ ಹಾರನ್ನು. ತಿರುಗಿ ನೋಡಿದ್ರೆ ಫುಟ್‌ಪಾತ್ ಮೇಲೇ ಸ್ಕೂಟರು. ಸಿಗ್ನಲ್ ಜಾಮಾಗಿದೆ, ಅವನಿಗೆ ಅರ್ಜೆಂಟು. ತುಂಬಾ ಮರ್ಯಾದಸ್ಥ ಹುಡುಗ, ಬೈಲಿಲ್ಲ, ‘ಸಾರ್ ಹಿಂಗೆ ಮಧ್ಯ ನಡೀಬೇಡಿ ಸಾರ್, ಡೇಂಜರ್ರು, ಸ್ವಲ್ಪ ಕೆಳಗೆ ಇಳ್ದು ರೋಡಲ್ಲಿ ನಡೀರಿ’ ಅಂದ. ನಾವು ಇಳಿದ್ವಿ. ರೋಡಲ್ಲಿ ಬಸ್ಸು ಬಂತು, ಡ್ರೈವರ್ ತಲೆ ಹೊರಗೆ ಹಾಕಿ ‘ಫುಟ್‌ಪಾತ್ ಯಾಕ್ರೀ ಇರೋದು’ ಅಂತ ಉಗಿದ. ನಾವು ಮತ್ತೆ ಹತ್ತಿದ್ವಿ. ವಾಚು ಮತ್ತೆ ಕುಣೀತು.

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಹೇಳ್ತು, ಒಳ್ಳೆ ಫುಟ್‌ಪಾತಲ್ಲಿ ನಡೆಯೋದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲೇ ಸೇರುತ್ತೆ ಅಂತ. ನೂರಕ್ಕೆ ನೂರು ಒಪ್ಪೋ ಮಾತು, ನಾವಂತೂ ಪ್ರತಿ ಕ್ರಾಸಲ್ಲೂ ಬದುಕುವ ಹಕ್ಕು ಚಲಾಯಿಸ್ತಾನೇ ಇದೀವಿ. ಫುಟ್‌ಪಾತ್ ತೆರವು ಅಂದ ತಕ್ಷಣ ಮಾತ್ರ ಲಾರಿ ಬರೋದು ಸೊಪ್ಪು ಮಾರೋ ಅಜ್ಜಿ ಹತ್ರಕ್ಕೆ. ಅಜ್ಜಿ ಕೂತಿರೋದು ಒಂದು ಗೋಣಿಚೀಲದ ಅಗಲ, ಬೀದಿ ವ್ಯಾಪಾರಿಗಳಿಗೆ ಅಂತ 2014ರ ಕಾಯ್ದೇನೇ ಇದೆ, ಅಜ್ಜಿ ನಾವು ಬಂದ್ರೆ ಬುಟ್ಟಿ ಎಳ್ಕೊಂಡು ಜಾಗ ಬಿಡ್ತಾರೆ. ಎದುರುಗಡೆ ಹಗಲೂರಾತ್ರಿ ನಿಂತಿರೋ ಬಿಳೀ ಎಸ್‌ಯುವಿ ಯಾವತ್ತಾದ್ರೂ ಒಂದಿಂಚು ಸರ್ದಿದ್ದು ನೋಡಿದೀರಾ?

ರಸ್ತೆ ದಾಟೋದು ಇನ್ನೊಂದು ಅಧ್ಯಾಯ, ಅದಕ್ಕೆ ಸ್ಕೈವಾಕ್ ಇದೆ. ಕಾರಿನೋರು ಒಂದು ನಿಮಿಷ ಬ್ರೇಕ್ ಒತ್ತಬಾರ್ದು ಅಂತ ಕಾಲುನೋವಿನ ಅಜ್ಜ ಎರಡು ಮಹಡಿ ಹತ್ತಿ ಇಳೀಬೇಕು. ಜಾಹೀರಾತಿನ ದುಡ್ಡಲ್ಲಿ ಕಟ್ಟಿರ್ತಾರಲ್ಲ, ಬೋರ್ಡಿಗೆ ರಾತ್ರಿಯಿಡೀ ಲೈಟು, ಮೆಟ್ಟಿಲ ಹತ್ರ ಕತ್ತಲು, ಲಿಫ್ಟಿಗೆ ಬೀಗ. ಕೋಚ್ ಮಾತ್ರ ಖುಷಿಯಾಗಿ ಚಾರ್ಟಲ್ಲಿ ‘ಹಿಲ್ ಟ್ರೈನಿಂಗ್’ ಅಂತ ಟಿಕ್ ಹಾಕ್ಕೊಂಡ.

ಸರಿ, ಪಾರ್ಕಿಗೆ ಹೋಗೋಣ ಅಂದ್ರೆ ಅಲ್ಲಿ ಶಾಸ್ತ್ರ ಬೇರೆ. 2024ರಲ್ಲಿ ಇಂದಿರಾನಗರದ ಒಂದು ಪಾರ್ಕಿನ ಬೋರ್ಡಿನ ಫೋಟೋ ಊರೆಲ್ಲಾ ಸುತ್ತಾಡಿತ್ತು ನೆನಪಿದ್ಯಾ, ಜಾಗಿಂಗ್ ಮಾಡಂಗಿಲ್ಲ, ಆಂಟಿ ಕ್ಲಾಕ್‌ವೈಸ್ ನಡೆಯಂಗಿಲ್ಲ ಅಂತ. ಎಲ್ರೂ ನಕ್ಕರು, ನನಗೆ ಮಾತ್ರ ಆ ಬೋರ್ಡ್ ಬರೆಸಿದೋರ ಭಕ್ತಿ ಅರ್ಥ ಆಯ್ತು. ಪ್ರದಕ್ಷಿಣೆ ಹಾಕಿದ್ರೆ ಪುಣ್ಯ, ಅಪ್ರದಕ್ಷಿಣೆ ಹಾಕಿದ್ರೆ ಪಾಪ, ಇದರಲ್ಲಿ ಹೊಸದೇನಿದೆ? ನಮ್ಮ ಪಾರ್ಕಲ್ಲಿ ಒಂದು ಸುತ್ತು ಹೆಚ್ಚೂಕಮ್ಮಿ 400 ಮೀಟರು, ಅಂದ್ರೆ 100 ಕಿಲೋಮೀಟರಿಗೆ 250 ಪ್ರದಕ್ಷಿಣೆ. ಆಂಜನೇಯನ ಗುಡೀಲಿ ಇಷ್ಟು ಹಾಕಿದ್ರೆ ಪ್ರಮೋಷನ್ನಾದ್ರೂ ಸಿಗ್ತಿತ್ತು ಅಂತ ಗೆಳೆಯ ಗೊಣಗಿದ. ಮೂರನೇ ಸುತ್ತಿಗೇ ಕಲ್ಲುಬೆಂಚಿನ ಹಿರಿಯರೊಬ್ರು ತಡೆದು ನಿಲ್ಲಿಸಿ ‘ಬ್ಯಾಗ್ ಹಾಕ್ಕೊಂಡು ಯಾಕೆ ಸುತ್ತುತಿದೀರಿ, ಒಳಗೇನಿದೆ’ ಅಂದ್ರು. ಎರಡು ಲೀಟರ್ ನೀರು, ಓಆರ್‌ಎಸ್ ಪ್ಯಾಕೆಟ್ಟು, ಚಕ್ಕುಲಿ. ಚಕ್ಕುಲಿ ನೋಡಿದ್ಮೇಲೆ ಬಿಟ್ಟು ಕಳಿಸಿದ್ರು.

ಇಷ್ಟೆಲ್ಲಾ ಹೇಳ್ತಿದೀನಿ ಅಂತ ಕರ್ನಾಟಕದಲ್ಲಿ ನಡಿಗೆಗೆ ಬೆಲೆನೇ ಇಲ್ಲ ಅನ್ಕೋಬೇಡಿ. ಇಲ್ಲಿ ಸರ್ಕಾರಗಳು ಅಲ್ಲಾಡೋದೇ ಪಾದಯಾತ್ರೇಲಿ. 2010ರಲ್ಲಿ ಸಿದ್ದರಾಮಯ್ಯನವರು ಬೆಂಗಳೂರಿಂದ ಬಳ್ಳಾರಿಗೆ 320 ಕಿಲೋಮೀಟರ್ ನಡೆದ್ರು. 2022ರಲ್ಲಿ ಕಾಂಗ್ರೆಸ್ಸಿನೋರು ಮೇಕೆದಾಟು ನೀರಿಗೆ ಅಂತ ನಡೆದ್ರು, ಕೊರೊನಾ ಅಂತ ರಾಮನಗರದಲ್ಲಿ ನಿಲ್ಲಿಸಿ ಆಮೇಲೆ ಮತ್ತೆ ಮುಂದುವರಿಸಿದ್ರು. 2024ರ ಆಗಸ್ಟಲ್ಲಿ ಬಿಜೆಪಿ ಜೆಡಿಎಸ್‌ನೋರು ಬೆಂಗಳೂರಿಂದ ಮೈಸೂರಿಗೆ ನಡೆದ್ರು. ಪಕ್ಷ ಯಾವುದಾದ್ರೂ ಆಗ್ಲಿ, ವ್ಯವಸ್ಥೆ ಒಂದೇ: ಮುಂದೆ ಪೊಲೀಸು, ಹಿಂದೆ ಆಂಬ್ಯುಲೆನ್ಸು, ದಾರಿಯುದ್ದಕ್ಕೂ ಮಜ್ಜಿಗೆ, ಹೈವೇ ಪೂರ್ತಿ ನಮ್ದೇ. ಬಾವುಟ ಹಿಡಿದು ನಡೆದ್ರೆ ಲಾರಿಗಳೂ ನಿಲ್ತವೆ, ತರಕಾರಿ ಚೀಲ ಹಿಡಿದು ನಡೆದ್ರೆ ಆಟೋನೂ ನಿಲ್ಲಲ್ಲ. ಗೆಳೆಯ ಪ್ರಾಕ್ಟಿಕಲ್ ಮನುಷ್ಯ, ಬೆಳಗ್ಗೆ ಟ್ರೈನಿಂಗಿಗೆ ಹೋಗುವಾಗ ಕೈಲೊಂದು ಬಾವುಟ ಇಟ್ಕೊಳ್ಳೋಣ ಅಂದ. ಯಾವ ಪಕ್ಷದ್ದು ಅಂದೆ. ಯಾವ ಬಣ್ಣನೂ ಇಲ್ದೇ ಇರೋದು, ನೋಡಿದೋರು ಅವರವರಿಗೆ ಬೇಕಾದಂಗೆ ಹೆದರ್ಕೊಳ್ಳಲಿ ಅಂದ.

ಅಧಿಕಾರದಲ್ಲಿ ಇರೋರೂ ನಡೀತಾರೆ ಮತ್ತೆ. 2025ರ ಅಕ್ಟೋಬರಲ್ಲಿ ಉಪಮುಖ್ಯಮಂತ್ರಿಗಳು ‘ಬೆಂಗಳೂರು ನಡಿಗೆ’ ಅಂತ ಶುರು ಮಾಡಿ ಲಾಲ್‌ಬಾಗಲ್ಲಿ ಜನರ ಜೊತೆ ನಡೆದ್ರು. ಅಲ್ಲಿ ಬಂದ ಮಾತೇನು? ಕಾರು ಹೋಗೋ ಸುರಂಗದ್ದು! ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ನೆಲದಡಿ ರಸ್ತೆ, ಸುಮಾರು 17 ಕಿಲೋಮೀಟರ್, ಅಂದಾಜು ವೆಚ್ಚ 17 ಸಾವಿರ ಕೋಟಿ ಮೇಲೆ. ಈಗ ನೋಡಿ, ಚಾರಿಟಿ ವಾಕಲ್ಲಿ ಒಂದು ಪದ್ಧತಿ ಇದೆ, ನೀನು ನಡೆಯೋ ಪ್ರತಿ ಕಿಲೋಮೀಟರಿಗೆ ನಾನು ಇಷ್ಟು ಕೊಡ್ತೀನಿ ಅಂತ ಸ್ಪಾನ್ಸರ್ ಮಾತು ಕೊಡ್ತಾರೆ. ನನಗೆ ಇದುವರೆಗೆ ಸಿಕ್ಕ ದೊಡ್ಡ ಸ್ಪಾನ್ಸರ್ ನಮ್ಮ ಸೋದರಮಾವ, ಕಿಲೋಮೀಟರಿಗೆ 10 ರೂಪಾಯಿ, ಅದೂ ಮುಗಿಸಿ ಬಂದ್ಮೇಲೆ. ಕಾರಿಗೆ ಸಿಕ್ಕಿರೋ ಸ್ಪಾನ್ಸರ್ ಕಿಲೋಮೀಟರಿಗೆ ಸಾವಿರ ಕೋಟಿ! ಚಾರಿಟಿ ಅಂದ್ರೆ ಅದಪ್ಪಾ.

ದುಡ್ಡೆತ್ತೋ ಕಥೆ ಜಾಸ್ತಿ ಹೇಳಲ್ಲ, ಮಾನ ಹೋಗುತ್ತೆ. ಆಫೀಸಲ್ಲಿ ಮೇಲ್ ಹಾಕಿದ್ರೆ ಮೊದಲ ಪ್ರಶ್ನೆ ‘80ಜಿ ಸಿಗುತ್ತಾ’, ಅಂದ್ರೆ ಇನ್‌ಕಂ ಟ್ಯಾಕ್ಸಲ್ಲಿ ವಿನಾಯ್ತಿ, ಎರಡನೇದು ‘ಟೀಶರ್ಟ್ ಎಕ್ಸ್ಟ್ರಾ ಇದ್ಯಾ’. ಪಕ್ಕದ್ಮನೆ ಅಂಕಲ್ ಒಬ್ರೇ ಸರಿಯಾಗಿ ಕೇಳಿದ್ದು: ‘ಶೂಗೆ ಎಷ್ಟಾಯ್ತು, ಹಣೆ ಲೈಟಿಗೆ ಎಷ್ಟು, ಎಂಟ್ರಿ ಫೀ ಎಷ್ಟು? ಆ ದುಡ್ಡೇ ಕೊಟ್ಟು ಮನೇಲಿ ಮಲಗಿದ್ರೆ ಬಡವರು ಬೇಡ ಅಂತಾರಾ?’ ಕೋಚ್ ಹತ್ರ ಇದಕ್ಕೆ ಉತ್ತರ ಇತ್ತು, ‘ಅಂಕಲ್, ಅವೇರ್ನೆಸ್’ ಅಂದ. ಅಂಕಲ್ ಒಳಗೆ ಹೋದ್ರು.

ಅವೇರ್ನೆಸ್ ಅಂದ್ರೆ ಯಾರಿಗೆ ಅನ್ನೋದೇ ನನ್ನ ಡೌಟು. ಬೆಳಗ್ಗೆ ನಾವು ಸಾವಿರಾರು ರೂಪಾಯಿ ಶೂ ಹಾಕ್ಕೊಂಡು ಸ್ಟ್ರೆಚ್ ಮಾಡ್ತಿರುವಾಗ ಗಾರ್ಮೆಂಟ್ಸಿಗೆ ಹೋಗೋ ಹೆಣ್ಮಕ್ಕಳು ರಬ್ಬರ್ ಚಪ್ಪಲೀಲಿ, ಡಬ್ಬಿ ಚೀಲ ಹಿಡ್ಕೊಂಡು, ನಮ್ಮನ್ನ ಓವರ್‌ಟೇಕ್ ಮಾಡಿ ಹೋಗ್ತಾರೆ, ಹಿಂದೆ ತಿರುಗಿನೂ ನೋಡಲ್ಲ. 2023ರ ಜೂನಿಂದ ಶಕ್ತಿ ಯೋಜನೇಲಿ ಅವರಿಗೆ ಬಸ್ಸು ಫ್ರೀ, ತುಂಬಾ ಒಳ್ಳೇ ಕೆಲಸ, ನಾನೂ ಹೊಗಳ್ತೀನಿ. ಬಸ್‌ಸ್ಟಾಪ್ ತಲುಪೋದು ಮಾತ್ರ ಅವರವರ ಸ್ವಂತ ಜವಾಬ್ದಾರಿ. ಶಿವರಾತ್ರಿ ಹೊತ್ತಲ್ಲಿ ಧರ್ಮಸ್ಥಳಕ್ಕೆ ಹೋಗೋರೂ ಅಷ್ಟೇ, ಚಾರ್ಮಾಡಿ ಘಾಟಿ ಇಳ್ಕೊಂಡು ಸಾವಿರಾರು ಜನ ಹೋಗ್ತಾರೆ, ರಿಜಿಸ್ಟ್ರೇಷನ್ನೂ ಇಲ್ಲ, ಮೆಡಲ್ಲೂ ಇಲ್ಲ. ಹಿಂಗೆ ಪ್ರತಿ ವರ್ಷ ನಡೆಯೋ ಒಬ್ರು ಯಜಮಾನ್ರನ್ನ ಹಿಡ್ಕೊಂಡು ಗೆಳೆಯ ಕೇಳಿದ, ‘ನಿಮ್ಮ ಟ್ರೈನಿಂಗ್ ಪ್ಲಾನ್ ಏನು ಸಾರ್?’ ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ, ‘ಲೀವ್ ಹಾಕ್ತೀನಿ’ ಅಂದ್ರು.

ಹೋದ ವಾರ ನಮ್ಮ ವಾಕಿನ ಮೆಡಿಕಲ್ ಫಾರ್ಮ್ ಬಂತು. ಬಿಪಿ ಇದ್ಯಾ, ಶುಗರ್ ಇದ್ಯಾ, ‘ದುರ್ಗಮ ಹಾದಿಯಲ್ಲಿ ನಡೆದ ಅನುಭವ ಇದ್ದರೆ ವಿವರಿಸಿ’. ಗೆಳೆಯ ಬೇರೆ ಹಾಳೆ ಅಂಟಿಸಿ ನಮ್ಮ ಏರಿಯಾದ ಮ್ಯಾಪೇ ಬರೆದು ಕೊಟ್ಟ. ತೆಂಗಿನ ಗರಿ ಇರೋ ಜಾಗಕ್ಕೆ ಕೆಂಪು ಇಂಕಲ್ಲಿ ಗುರುತು.

ನಿನ್ನೆ ಆಯೋಜಕರ ಇನ್ನೊಂದು ಮೇಲ್ ಬಂದಿದೆ. ದಾರೀಲಿ ಕಾಡು ಬರುತ್ತಂತೆ, ಹಾವಿರಬಹುದಂತೆ, ರಾತ್ರಿ ಆನೆ ಓಡಾಡೋ ಜಾಗ ಹತ್ರದಲ್ಲೇ ಇದೆಯಂತೆ, ಇದಕ್ಕೆಲ್ಲ ವಾಲಂಟಿಯರ್ಸ್ ಇದಾರೆ, ಗಾಬರಿ ಬೇಡ. ಆದ್ರೆ ಕೊನೇಲಿ ಊರೊಳಗಿನ 2 ಕಿಲೋಮೀಟರ್ ಸಾರ್ವಜನಿಕ ರಸ್ತೆ ಇರೋದ್ರಿಂದ, ಸ್ಪರ್ಧಿಗಳ ಸುರಕ್ಷತೆ ದೃಷ್ಟಿಯಿಂದ, ಆ ಭಾಗದಲ್ಲಿ ಯಾರೂ ನಡೆಯುವಂತಿಲ್ಲ, ಎಲ್ಲರನ್ನೂ ಬಸ್ಸಲ್ಲಿ ಫಿನಿಶ್ ಲೈನಿಗೆ ಬಿಡಲಾಗುತ್ತೆ.

ಗೆಳೆಯ ರಿಪ್ಲೈ ಹಾಕಿ ಒಂದೇ ಪ್ರಶ್ನೆ ಕೇಳಿದಾನೆ: ಆ 2 ಕಿಲೋಮೀಟರಿನ 20 ರೂಪಾಯಿ ಸೋದರಮಾವನ ಹತ್ರ ಕೇಳಬಹುದಾ?