ಎರಡು ವ್ಯಾನು, ಒಂದು ಥರ್ಮೋಸ್ಟಾಟ್

ರಜೆಗೆ ದಾವಣಗೆರೆಗೆ ಬಂದು ವಾರವಾಗಿಲ್ಲ, ಆಗಲೇ ಎರಡು ಸಲ ಗ್ಯಾರೇಜಿಗೆ ಹೋಗಿ ಕೂತಿದ್ದೇನೆ. ಪಿ.ಬಿ. ರಸ್ತೆ ಪಕ್ಕದ ಶೆಡ್ಡು. ಒಳಗೆ ಅಪ್ಪನ ಹಳೇ ವ್ಯಾನು. ಮುಂದಿನ ಸೀಟು ಎತ್ತಿದರೆ ಕೆಳಗೇ ಇಂಜಿನ್. ಮನೆಮಂದಿಯೆಲ್ಲ ಉಕ್ಕಡಗಾತ್ರಿಗೆ ಹೊರಟಿದ್ದೆವು. ಹರಿಹರ ಬರುವ ಮೊದಲೇ ಹಬೆ ಎದ್ದಿತು.

ಅಮೆರಿಕದ ಓಹಾಯೋದಲ್ಲಿರುವ ನನ್ನ ಮನೆ ಮುಂದೆಯೂ ನಮ್ಮದೊಂದು ಮಿನಿವ್ಯಾನ್ ಇದೆ. ಬಟನ್ ಒತ್ತಿದರೆ ಜಾರು ಬಾಗಿಲು ತಾನೇ ತೆರೆಯುತ್ತದೆ. ಅಂದರೆ, ತೆರೆಯಬೇಕು. ಬಲಗಡೆಯದು ಕಳೆದ ಚಳಿಗಾಲದಿಂದ ಅರ್ಧಕ್ಕೇ ನಿಂತು ಕುಂಯ್ ಅನ್ನುತ್ತದೆ. ಅದು ಹಾಗಿರಲಿ, ಜೇಬು ಖಾಲಿ ಮಾಡಿದ್ದು ಡ್ಯಾಶ್‌ಬೋರ್ಡಿನಲ್ಲಿ ಹೊತ್ತಿಕೊಂಡ ಇಂಜಿನ್ ದೀಪ.

1996ರ ಮಾಡೆಲ್‌ನಿಂದೀಚೆ ಅಲ್ಲಿ ಮಾರುವ ಪೆಟ್ರೋಲ್ ಕಾರುಗಳಲ್ಲೆಲ್ಲ ಇಂಜಿನ್ನಿನ ದೋಷ ಓದೋಕೆ ಒಬಿಡಿ-2 ಅನ್ನುವ ಸಾಕೆಟ್ ಇರಲೇಬೇಕು. ಅಲ್ಲಿನ ಗ್ಯಾರೇಜಿನವರು ಅದಕ್ಕೆ ಯಂತ್ರ ಸಿಕ್ಕಿಸಿದರು. ಪಿ0128 ಅಂತ ಕೋಡ್ ಬಂತು. ಇಂಜಿನ್ ಬೇಕಾದಷ್ಟು ಬಿಸಿಯಾಗುತ್ತಿಲ್ಲ ಅಂತ ಅರ್ಥ. ಇಂಜಿನ್ನಿನ ಬಿಸಿ ಹದದಲ್ಲಿಡುವ ಥರ್ಮೋಸ್ಟಾಟ್ ಬದಲಾಯಿಸಿದರು. ಎರಡು ತಿಂಗಳಿಗೆ ಮತ್ತೆ ದೀಪ, ಅದೇ ಕೋಡ್, ಇನ್ನೊಂದು ಥರ್ಮೋಸ್ಟಾಟ್. ಮೂರನೇ ಸಲ ಬೇರೆ ಕಡೆ ಹೋದೆ. ಅವನು ರೇಡಿಯೇಟರ್ ಮುಚ್ಚಳ ತೆಗೆದು ನೋಡಿದ. ಇಂಜಿನ್ ತಣ್ಣಗಿಡುವ ನೀರು, ಅಂದರೆ ಕೂಲಂಟ್, ಅರ್ಧಕ್ಕರ್ಧ ಇಲ್ಲ! ವಾಟರ್ ಪಂಪು ಸಣ್ಣಗೆ ಸೋರುತ್ತಿತ್ತು. ಕೂಲಂಟ್ ಕಮ್ಮಿಯಾದರೂ ಅದೇ ಕೋಡ್ ಬರುತ್ತದಂತೆ. ಮೊದಲೆರಡು ಸಲವೂ ನಾನು ಗಾಜಿನ ಈಚೆ ಕಾಫಿ ಹಿಡಿದು ಕೂತಿದ್ದೆ. ಒಳಗೆ ಬಿಡೋದಿಲ್ಲ, ಇನ್ಶೂರೆನ್ಸ್ ಒಪ್ಪಲ್ಲ ಅಂತ ಬೋರ್ಡು.

ಇಲ್ಲಿ ಇಂಜಿನ್ ಪಕ್ಕದಲ್ಲೇ ಸ್ಟೂಲ್ ಹಾಕಿದರು. "ಬಿಚ್ಚಿ ನೋಡಾಣ ಬಿಡ್ರಿ" ಅಂದ ಮೇಸ್ತ್ರಿ. ಹೋಸ್ ಕಳಚಿದರೆ ಥರ್ಮೋಸ್ಟಾಟ್ ಕೂರುವ ಜಾಗವೇ ಖಾಲಿ.

"ನಾನೇ ತೆಗ್ದು ಒಗ್ದೀನಿ, ಮೂರ್ ವರ್ಷಾತು. ನಮ್ ಬಿಸ್ಲಿಗೆ ಅದ್ಯಾಕ್ರಿ?"

ಅದೊಂದು ಮುಷ್ಟಿಯೊಳಗೆ ಅಡಗುವ ಕವಾಟ. ಒಳಗೆ ಮೇಣ ಇರುತ್ತದೆ. ನೀರು 80–90 ಡಿಗ್ರಿಗೆ ಬಂದಾಗ ಮೇಣ ಕರಗಿ, ಉಬ್ಬಿ, ರೇಡಿಯೇಟರಿಗೆ ದಾರಿ ಬಿಡುತ್ತದೆ. ಅದನ್ನು ಕಿತ್ತುಹಾಕಿದರೆ ಇಂಜಿನ್ ಬಿಸಿಯಾಗೋದೇ ನಿಧಾನ, ಪೆಟ್ರೋಲು ಜಾಸ್ತಿ ಕುಡಿಯುತ್ತದೆ. ಮೈಲೇಜ್ ಕೊಡ್ತಿಲ್ಲ ಅಂತ ಅಪ್ಪ ಗೊಣಗುತ್ತಿದ್ದುದು ಇದಕ್ಕೇ ಇರಬೇಕು. ಹಬೆಗೆ ಕಾರಣ ಬೇರೆ: ಕೂಲಂಟ್ ಬದಲು ಬೋರಿನ ನೀರು ಸುರಿದು ಸುರಿದು ರೇಡಿಯೇಟರ್ ಒಳಗೆಲ್ಲ ಬಿಳಿ ಉಪ್ಪು ಕಟ್ಟಿತ್ತು.

ಊರಿನ ಮೆಕ್ಯಾನಿಕ್ಕೇ ಮೇಲು ಅನ್ನೋದು ಹೊರಗಿದ್ದವರ ಹಳೇ ಚಟ. ನನಗೆ ಹಾಗನಿಸೋದಿಲ್ಲ. ಇವನು ಕಿತ್ತೆಸೆದ, ಅವರು ಹಾಕಿದ್ದನ್ನೇ ಹಾಕಿದರು. ನೀರಿನ ಕಡೆ ಇಬ್ಬರೂ ನೋಡಲಿಲ್ಲ. ಅಲ್ಲಿ ವಾರಂಟಿ ಬರೆದುಕೊಡುತ್ತಾರೆ, ಎರಡನೇ ಥರ್ಮೋಸ್ಟಾಟಿಗೆ ಕಾಸು ತಗೊಳ್ಳಲಿಲ್ಲ, ನಿಜ. ಕೂಲಿ ಮಾತ್ರ ಪೂರ್ತಿ ತಗೊಂಡರು. ಇಲ್ಲಿ ವಾರಂಟಿ ಇಲ್ಲ, ಆದರೆ ತಪ್ಪು ಕಣ್ಣೆದುರೇ ಆಗುತ್ತದೆ. ಜಗಳ ಆಡಬಹುದು. ನನಗೆ ಇದೇ ಇಷ್ಟ.

ಜಗಳ ಆಡಿಯೇ ಹೊಸ ಥರ್ಮೋಸ್ಟಾಟ್ ಹಾಕಿಸಲು ಒಪ್ಪಿಸಿದೆ. ಹುಡುಗ ಅಂಗಡಿಗೆ ಓಡಿದ. ಅಷ್ಟರಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಂತು. ಓಹಾಯೋದ ಕಥೆ ಹೇಳಿದೆ. ಮೇಸ್ತ್ರಿ ಪೂರ್ತಿ ಕೇಳಿಸಿಕೊಂಡ.

"ಅಲ್ರೀ, ಅವ್ರು ಬಿಡ್ರಿ. ಮನಿ ಮುಂದೆ ನಿಂತಾಗ ಬಾನೆಟ್ ಎತ್ತಿ ನೀರು ನೋಡಾಕ್ ಏನಾಗಿತ್ತು ನಿಮ್ಗೆ?"

ಬಾಯಿ ತುಂಬ ಮಂಡಕ್ಕಿ ಇತ್ತು. ಸುಮ್ನೆ ತಲೆಯಾಡಿಸಿದೆ.