ಎರಡಕ್ಷರ ತಪ್ಪಿದರೆ ವಿದೇಶಿ?

ನಮ್ಮೂರ ಕಡೆ ಅಪ್ಪನ ಹೆಸರು ಒಂದು ಕಾಗದದಲ್ಲಿ ಬಸಪ್ಪ, ಇನ್ನೊಂದರಲ್ಲಿ ಬಸವರಾಜ ಅಂತ ಇದ್ದರೆ ಒಂದು ಅಫಿಡವಿಟ್ ಮಾಡಿಸುತ್ತೇವೆ. ವಂಶವೃಕ್ಷ ಬೇಕಾದರೆ ನಾಡಕಚೇರಿಗೆ ಅರ್ಜಿ ಹಾಕುತ್ತೇವೆ. ಗ್ರಾಮ ಆಡಳಿತಾಧಿಕಾರಿ ಅಕ್ಕಪಕ್ಕದವರನ್ನು ಕೇಳಿ ವರದಿ ಕೊಡುತ್ತಾರೆ. ಊರವರ ಮಾತಿಗೆ ಬೆಲೆ ಇದೆ. ನಾನು ಈಗ ಇರುವ ಅಸ್ಸಾಮಿನಲ್ಲಿ ಇಂಥದೇ ವ್ಯತ್ಯಾಸ ಜನರನ್ನು ವಿದೇಶಿ ಮಾಡಿಬಿಡುತ್ತದೆ.

ಗಡಿ ಪೊಲೀಸರಿಗೆ ಅನುಮಾನ ಬಂದರೆ, ಅಥವಾ ಮತದಾರರ ಪಟ್ಟಿಯಲ್ಲಿ ಹೆಸರಿನ ಪಕ್ಕ ‘ಡಿ’ (ಡೌಟ್‌ಫುಲ್, ಅಂದರೆ ಅನುಮಾನ ಇದೆ) ಅಂತ ಬಿದ್ದರೆ, ವಿಷಯ ಯಾರು ವಿದೇಶಿ ಅಂತ ತೀರ್ಮಾನಿಸುವ ಫಾರಿನರ್ಸ್ ಟ್ರಿಬ್ಯುನಲ್‌ಗೆ ಹೋಗುತ್ತದೆ. ಸಾಬೀತು ಮಾಡುವ ಹೊರೆ ನೋಟಿಸ್ ಬಂದವರ ಮೇಲೆ. 1946ರ ವಿದೇಶಿಯರ ಕಾಯ್ದೆಯಲ್ಲಿ ಹೀಗೇ ಇತ್ತು, 2025ರ ಹೊಸ ಕಾಯ್ದೆಯಲ್ಲೂ ಹೀಗೇ ಇದೆ. ಕಳ್ಳತನದ ಕೇಸಿನಲ್ಲೂ ಸರ್ಕಾರವೇ ಸಾಬೀತು ಮಾಡಬೇಕು, ಅಲ್ವಾ?

ಹೆಂಗಸರ ಪಾಡು ಇನ್ನೂ ಕಷ್ಟ. 1971ರ ಮಾರ್ಚ್‌ಗೆ ಮುಂಚಿನ ಪಟ್ಟಿಯಲ್ಲಿ ಅಪ್ಪನೋ ಅಜ್ಜನೋ ಇದ್ದರು ಅಂತ ತೋರಿಸಬೇಕು. ಆಮೇಲೆ ತಾನು ಅದೇ ಮನೆಯ ಮಗಳು ಅಂತ ತೋರಿಸಬೇಕು. ಶಾಲೆಗೆ ಹೋಗಿಲ್ಲ, ಜನನ ಪತ್ರ ಇಲ್ಲ, ಬೇಗ ಮದುವೆ ಆಗಿದೆ. ಮತದಾರರ ಪಟ್ಟಿಗೆ ಸೇರಿದ್ದೇ ಗಂಡನ ಊರಲ್ಲಿ, ಗಂಡನ ಹೆಸರಿನ ಜೊತೆ. ಉಳಿದಿದ್ದು ತವರಿನ ಪಂಚಾಯಿತಿ ಕೊಟ್ಟ ಚೀಟಿ ಮಾತ್ರ. ಕೊಟ್ಟ ಕಾರ್ಯದರ್ಶಿ ಬಂದು ಸಾಕ್ಷಿ ಹೇಳದಿದ್ದರೆ ಅದೂ ನಿಲ್ಲುವುದು ಕಷ್ಟ. ಇನ್ನು ಬ್ರಹ್ಮಪುತ್ರದ ನಡುಗಡ್ಡೆಗಳಲ್ಲಿ ನದಿ ಮಣ್ಣು ಕೊಚ್ಚಿಕೊಂಡು ಹೋದರೆ ಊರೇ ಜಾಗ ಬದಲಿಸುತ್ತದೆ. 1966ರ ಪಟ್ಟಿಯಲ್ಲಿ ಒಂದು ಊರು, 1970ರದ್ದರಲ್ಲಿ ಇನ್ನೊಂದು. ಅದಕ್ಕೂ ಅನುಮಾನ.

ಅಸ್ಸಾಮಿನವರ ಆತಂಕ ಸುಮ್ನೆ ಹುಟ್ಟಿದ್ದಲ್ಲ. ಬಾಂಗ್ಲಾದೇಶದಿಂದ ಬಂದು ಸೇರುವವರಿಂದ ತಮ್ಮ ನೆಲದಲ್ಲಿ ತಮ್ಮ ನುಡಿ ಮೂಲೆ ಸೇರುತ್ತದೆ ಅಂತ 1979ರಿಂದ ಆರು ವರ್ಷ ಹೋರಾಡಿದರು. ನೂರಾರು ಜನ ಪ್ರಾಣ ಕೊಟ್ಟರು. 1985ರ ಅಸ್ಸಾಂ ಒಪ್ಪಂದ, ಅದರಲ್ಲಿನ 1971ರ ಮಾರ್ಚ್ ಗಡುವು ಅದರಿಂದ ಬಂತು. ಕನ್ನಡಿಗನಾದ ನನಗೆ ಆ ಭಯ ಯಾರೂ ಬಿಡಿಸಿ ಹೇಳಬೇಕಿಲ್ಲ. ಆದರೆ 2019ರಲ್ಲಿ ಎನ್‌ಆರ್‌ಸಿ (ರಾಷ್ಟ್ರೀಯ ಪೌರರ ಪಟ್ಟಿ)ಯಿಂದ ಹೊರಗುಳಿದ 19 ಲಕ್ಷಕ್ಕೂ ಹೆಚ್ಚು ಜನರನ್ನು ಈ ಟ್ರಿಬ್ಯುನಲ್‌ಗಳ ಮುಂದೆ ಇದೇ ರೀತಿ ನಿಲ್ಲಿಸುವುದನ್ನು ನನ್ನಿಂದ ಒಪ್ಪಲಾಗದು.

2024ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಒಬ್ಬರನ್ನು ಭಾರತೀಯರು ಅಂತ ಸಾರಿತು. ಹೆಸರಿನ ಕಾಗುಣಿತ ಹೆಚ್ಚುಕಮ್ಮಿ ಆದ ಮಾತ್ರಕ್ಕೆ ಯಾರೂ ವಿದೇಶಿ ಆಗುವುದಿಲ್ಲ, ಅನುಮಾನಕ್ಕೆ ಆಧಾರ ಏನು ಅಂತ ಮೊದಲು ಅಧಿಕಾರಿಗಳೇ ಹೇಳಬೇಕು ಅಂದಿತು. ಆ ಮನುಷ್ಯ ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು. ಆ ತೀರ್ಪು ಪ್ರತಿ ಟ್ರಿಬ್ಯುನಲ್‌ನಲ್ಲೂ ಮೊದಲ ದಿನದಿಂದಲೇ ನಡೆಯಬೇಕು. ಊರ ಹಿರಿಯರನ್ನು ಕರೆದು ಕೇಳಬೇಕು.