ಅರ್ಧ ಗಳಿಕೆಯನ್ನು ಖರ್ಚೆಂದು ಒಪ್ಪುವ ನಿಯಮ: ಪರ ಮತ್ತು ವಿರೋಧ

ಸ್ವಂತ ವೃತ್ತಿ ನಡೆಸುವ ವಕೀಲರು, ವೈದ್ಯರು, ವಾಸ್ತುಶಿಲ್ಪಿಗಳು, ಸಾಫ್ಟ್‌ವೇರ್ ಸಲಹೆಗಾರರು, ಚಲನಚಿತ್ರ ಕಲಾವಿದರು ತಮ್ಮ ಒಟ್ಟು ಗಳಿಕೆಯ ಅರ್ಧವನ್ನು ಲಾಭವೆಂದು ಘೋಷಿಸಿ ತೆರಿಗೆ ಕಟ್ಟಿದರೆ, ಉಳಿದರ್ಧ ಖರ್ಚಾಯಿತೆಂಬುದಕ್ಕೆ ರಸೀದಿ ತೋರಿಸಬೇಕಾಗಿಲ್ಲ ಎಂಬ ನಿಯಮ 2016ರ ಬಜೆಟ್‌ನಲ್ಲಿ ಬಂತು. ಮೊದಲು ಇದು ವರ್ಷಕ್ಕೆ 50 ಲಕ್ಷ ರೂಪಾಯಿವರೆಗೆ ಗಳಿಸುವವರಿಗೆ ಮಾತ್ರ ಅನ್ವಯಿಸುತ್ತಿತ್ತು. ನಗದಿನ ಪಾಲು ಶೇ 5ನ್ನು ಮೀರದಿದ್ದರೆ ಈ ಮಿತಿ 75 ಲಕ್ಷ ಎಂದು 2023ರಲ್ಲಿ ಸಡಿಲಿಸಲಾಯಿತು. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಇದು 44ಎಡಿಎ ಸೆಕ್ಷನ್. 2025ರ ಹೊಸ ಕಾಯ್ದೆಯಲ್ಲೂ ಸೌಲಭ್ಯ ಉಳಿದಿದೆ, ಸಂಖ್ಯೆ ಮಾತ್ರ ಬೇರೆ. ಲೆಕ್ಕ ಕೇಳದೆ ಅರ್ಧ ಗಳಿಕೆಯನ್ನು ಖರ್ಚೆಂದು ಒಪ್ಪುವುದು ನ್ಯಾಯವೇ ಎಂಬುದು ಇಲ್ಲಿನ ಪ್ರಶ್ನೆ.

ಪರ

ಸ್ವತಂತ್ರ ವೃತ್ತಿಯ ಖರ್ಚು ಮನೆಯ ಖರ್ಚಿನೊಡನೆ ಹೆಣೆದುಕೊಂಡೇ ಇರುತ್ತದೆ. ಹುಬ್ಬಳ್ಳಿಯ ಬಾಡಿಗೆ ಮನೆಯೊಂದರ ಕೋಣೆಯಲ್ಲಿ ಕುಳಿತು ಚಲನಚಿತ್ರಗಳ ಸಂಕಲನ ಮಾಡುವವರೊಬ್ಬರನ್ನು ಕಲ್ಪಿಸಿಕೊಳ್ಳಿ. ಆ ಮನೆಯ ಬಾಡಿಗೆಯಲ್ಲಿ ವೃತ್ತಿಯ ಪಾಲೆಷ್ಟು, ಸಂಸಾರದ ಪಾಲೆಷ್ಟು? ರಾತ್ರಿಯಿಡೀ ಉರಿದ ದೀಪ, ಮಕ್ಕಳ ಪಾಠಕ್ಕೂ ತಮ್ಮ ಕೆಲಸಕ್ಕೂ ಒಂದೇ ಆಗಿರುವ ಇಂಟರ್‌ನೆಟ್, ನಿರ್ಮಾಪಕರ ಕಚೇರಿಗೂ ಸಂತೆಗೂ ಓಡುವ ಅದೇ ಸ್ಕೂಟರ್ ಇವನ್ನೆಲ್ಲ ಯಾವ ಅಳತೆಗೋಲಿನಿಂದ ಬೇರ್ಪಡಿಸುವುದು? ಖರ್ಚು ಸಂಪೂರ್ಣವಾಗಿ ವೃತ್ತಿಗೆಂದೇ ಆಗಿರಬೇಕೆಂದು ಕಾಯ್ದೆ ಹೇಳುತ್ತದೆ. ಭಾಗಶಃ ಬಳಕೆಯಾದರೆ ಅಷ್ಟು ಪಾಲನ್ನು ಮಾತ್ರ ಒಪ್ಪುತ್ತದೆ. ಕಂಪ್ಯೂಟರಿಗೆ ವರ್ಷಕ್ಕೆ ಶೇ 40, ಮೇಜು ಕುರ್ಚಿಗಳಿಗೆ ಶೇ 10 ಎಂದು ಸವಕಳಿಯ ಲೆಕ್ಕವನ್ನೂ ಇಡಬೇಕು. ವರ್ಷಕ್ಕೆ 9 ಲಕ್ಷ ಗಳಿಸುವವರು ಇದಕ್ಕಾಗಿ ಲೆಕ್ಕಪರಿಶೋಧಕರಿಗೆ ತೆರುವ ಶುಲ್ಕವೂ, ಕಳೆಯುವ ದಿನಗಳೂ ತೆರಿಗೆಯ ಮೇಲೆ ಬೀಳುವ ಇನ್ನೊಂದು ತೆರಿಗೆಯೇ ಸರಿ. ಅರ್ಧದ ನಿಯಮ ಈ ಎಲ್ಲ ತಕರಾರನ್ನು ಒಂದೇ ಗೆರೆಯಲ್ಲಿ ಮುಗಿಸುತ್ತದೆ, ಮುಂಗಡ ತೆರಿಗೆಯನ್ನು ನಾಲ್ಕು ಕಂತುಗಳ ಬದಲು ಮಾರ್ಚ್ 15ರೊಳಗೆ ಒಂದೇ ಬಾರಿ ಕಟ್ಟಲು ಬಿಡುತ್ತದೆ.

ಅರ್ಧ ಎಂಬುದು ಉದಾರವಾಯಿತು ಎನ್ನುವವರು ಸಂಬಳದಾರರಿಗೆ ಸಿಗುವುದನ್ನೂ ಎಣಿಸಬೇಕು. ಹೊಸ ತೆರಿಗೆ ಪದ್ಧತಿಯಲ್ಲಿ ಅವರಿಗೆ 75,000 ರೂಪಾಯಿ ಯಾವ ರಸೀದಿಯೂ ಇಲ್ಲದೆ ಕಡಿತವಾಗುತ್ತದೆ. ಭವಿಷ್ಯನಿಧಿಗೆ ಮಾಲೀಕರು ಹಾಕುವ ಪಾಲಿಗೂ, 20 ಲಕ್ಷದವರೆಗಿನ ಗ್ರಾಚ್ಯುಟಿಗೂ, ನಿವೃತ್ತಿಯಾಗುವಾಗ ಬರುವ ರಜೆಯ ನಗದಿಗೂ ಕಾಯ್ದೆಯ ಮಿತಿಯೊಳಗೆ ತೆರಿಗೆಯಿಲ್ಲ. ಸ್ವತಂತ್ರ ವೃತ್ತಿಪರರಿಗೆ ಇವಾವುವೂ ಇಲ್ಲ. ಕಾಯಿಲೆಯಿಂದ ಮಲಗಿದ ತಿಂಗಳು ಗಳಿಕೆಯಿಲ್ಲದ ತಿಂಗಳು. ಮುಪ್ಪಿಗೆ ತಾವೇ ಕೂಡಿಟ್ಟದ್ದಷ್ಟೇ ಆಧಾರ. ಆ ಕೂಡಿಡುವಿಕೆಯೂ ವೃತ್ತಿ ನಡೆಸುವ ಖರ್ಚೇ ಅಲ್ಲವೇ? ಯಾವ ಲೆಕ್ಕಪುಸ್ತಕದಲ್ಲಿಯೂ ಅದನ್ನು ಖರ್ಚೆಂದು ಬರೆಯುವಂತಿಲ್ಲ. ಇನ್ನು ಸಂಭಾವನೆ ಕೊಡುವ ಸಂಸ್ಥೆ ಶೇ 10ರಷ್ಟು ಟಿಡಿಎಸ್ ಹಿಡಿಯುವುದು ಲಾಭದ ಮೇಲಲ್ಲ, ಇಡೀ ಸಂಭಾವನೆಯ ಮೇಲೆ. 9 ಲಕ್ಷ ಗಳಿಸಿದವರಿಂದ 90,000 ರೂಪಾಯಿ ಮೊದಲೇ ಹೋಗಿರುತ್ತದೆ. ಅರ್ಧದ ನಿಯಮದಂತೆ ಅವರ ಆದಾಯ ನಾಲ್ಕೂವರೆ ಲಕ್ಷ, ಕಟ್ಟಬೇಕಾದ ತೆರಿಗೆ ಸೊನ್ನೆ. ಸರಳ ನಮೂನೆಯ ರಿಟರ್ನ್ ಸಲ್ಲಿಸಿ ತಮ್ಮ ದುಡ್ಡನ್ನು ಮರಳಿ ಪಡೆಯಲು ಅವರಿಗೆ ಈ ನಿಯಮವೇ ದಾರಿ.

ನನ್ನ ದೂರೇನಿದ್ದರೂ ಈ ನೆರಳು ಸಾಕಷ್ಟು ಅಗಲವಾಗಿಲ್ಲ ಎಂಬುದು. ಪಟ್ಟಿಯಲ್ಲಿ ಹೆಸರಿಸಿದ ವೃತ್ತಿಗಳಿಗೆ ಮಾತ್ರ ಇದು ಸಲ್ಲುತ್ತದೆ. ಚಿತ್ರಕ್ಕೆ ಸಂಭಾಷಣೆ ಬರೆಯುವವರು ಪಟ್ಟಿಯಲ್ಲಿದ್ದಾರೆ, ಗೀತರಚನಕಾರರೂ ಇದ್ದಾರೆ. ಕಾದಂಬರಿಯೊಂದನ್ನು ಕನ್ನಡಕ್ಕೆ ತರುವ ಅನುವಾದಕರ ಹೆಸರಿಲ್ಲ, ಕರಡು ತಿದ್ದುವವರ ಹೆಸರಿಲ್ಲ. ಇಬ್ಬರ ಕೈಯಲ್ಲೂ ಲೇಖನಿ, ಇಬ್ಬರದೂ ಅದೇ ಬಗೆಯ ಖರ್ಚು. ಅನುವಾದಕರು ವ್ಯಾಪಾರಿಗಳಿಗೆಂದು ಇರುವ 44ಎಡಿ ಸೆಕ್ಷನ್‌ನಲ್ಲಿ ಶೇ 6ರ ಲಾಭ ತೋರಿಸಬಹುದೇ, ಇಲ್ಲವೇ ಪೂರ್ಣ ಲೆಕ್ಕ ಇಡಬೇಕೇ ಎಂಬ ಬಗ್ಗೆ ಸಲಹೆ ಕೊಡುವವರಲ್ಲೇ ಒಮ್ಮತವಿಲ್ಲ. ಲೇಖಕರಿಗೆ ರಾಯಧನದ ಮೇಲೆ ಸಿಗುತ್ತಿದ್ದ 3 ಲಕ್ಷದವರೆಗಿನ ಕಡಿತವೂ ಹೊಸ ಪದ್ಧತಿಯಲ್ಲಿ ಇಲ್ಲ. ಅರ್ಧದ ನಿಯಮವನ್ನು ಇವರಿಗೂ ವಿಸ್ತರಿಸುವುದು ಖಜಾನೆಗೆ ಭಾರವಾಗುವ ಮಾತಲ್ಲ.

ವಿರೋಧ

ಲೆಕ್ಕ ಇಡುವ ಕಷ್ಟದ ಬಗ್ಗೆ ಮೇಲೆ ಹೇಳಿದ್ದೆಲ್ಲ ನಿಜ. ಆದರೆ ಆ ಕಷ್ಟಕ್ಕೆ ಕೊಟ್ಟ ಮದ್ದು ಯಾರ ಕೈಗೆ ಎಷ್ಟು ಸೇರುತ್ತಿದೆ ಎಂಬುದನ್ನು ಅಂಕಿಗಳಲ್ಲೇ ನೋಡಬೇಕು.

2025-26ರ ದರಗಳನ್ನೇ ತೆಗೆದುಕೊಳ್ಳೋಣ. ಬೆಂಗಳೂರಿನ ತಮ್ಮ ಮನೆಯಿಂದಲೇ ಕಂಪನಿಯೊಂದಕ್ಕೆ ಸಾಫ್ಟ್‌ವೇರ್ ಸಲಹೆ ನೀಡಿ ವರ್ಷಕ್ಕೆ 24 ಲಕ್ಷ ಗಳಿಸುವವರ ನಿಜವಾದ ಖರ್ಚು 2 ಲಕ್ಷವೆನ್ನಿ. ಅರ್ಧದ ನಿಯಮದಂತೆ ಅವರ ಆದಾಯ 12 ಲಕ್ಷ; ಹೊಸ ಪದ್ಧತಿಯ ರಿಯಾಯಿತಿಯಿಂದಾಗಿ ತೆರಿಗೆ ಸೊನ್ನೆ. ಅದೇ ಕೆಲಸವನ್ನು ಅದೇ 24 ಲಕ್ಷಕ್ಕೆ ಸಂಬಳದ ಮೇಲೆ ಮಾಡುವವರು 75,000 ರೂಪಾಯಿ ಕಳೆದು ಉಳಿದದ್ದಕ್ಕೆ ಸೆಸ್ ಸೇರಿ 2,92,500 ರೂಪಾಯಿ ತೆರುತ್ತಾರೆ. ಇನ್ನೊಂದು ಕಡೆ, ಮೈಸೂರಿನಲ್ಲಿ ಸಣ್ಣ ಕಚೇರಿ ಬಾಡಿಗೆಗೆ ಹಿಡಿದು ಇಬ್ಬರು ನಕ್ಷೆಗಾರರಿಗೆ ಸಂಬಳ ಕೊಡುವ ವಾಸ್ತುಶಿಲ್ಪಿಯ ಗಳಿಕೆ 30 ಲಕ್ಷ, ಖರ್ಚು 20 ಲಕ್ಷ ಎನ್ನಿ. ಕೈಯಲ್ಲಿ ಉಳಿದದ್ದು 10 ಲಕ್ಷ. ಅದಕ್ಕೆ ತೆರಿಗೆ ಬರುವುದೇ ಇಲ್ಲ. ಆದರೂ ಅರ್ಧದ ನಿಯಮ ಅವರ ಆದಾಯವನ್ನು 15 ಲಕ್ಷವೆಂದು ಭಾವಿಸಿ 1,09,200 ರೂಪಾಯಿ ಕೇಳುತ್ತದೆ. ತಮ್ಮ ಲಾಭ ಅರ್ಧಕ್ಕಿಂತ ಕಡಿಮೆ ಎಂದು ಹೇಳಬೇಕಾದರೆ ಅವರು ಪೂರ್ಣ ಲೆಕ್ಕಪುಸ್ತಕ ಇಟ್ಟು, ಅದನ್ನು ಲೆಕ್ಕಪರಿಶೋಧನೆಗೂ ಒಳಪಡಿಸಬೇಕು. ಹೀಗೆ, 22 ಲಕ್ಷ ಉಳಿಸಿಕೊಂಡವರು ಏನೂ ಕಟ್ಟದೆ ನಿರಾಳವಾಗಿರುತ್ತಾರೆ, ಇಬ್ಬರಿಗೆ ಉದ್ಯೋಗ ಕೊಟ್ಟು 10 ಲಕ್ಷ ಉಳಿಸಿಕೊಂಡವರು ಇಲ್ಲದ ಲಾಭಕ್ಕೆ ತೆರಿಗೆ ತೆರುತ್ತಾರೆ, ಇಲ್ಲವೇ ಆಡಿಟ್‌ಗೆ ಹಣ ಹೊಂದಿಸುತ್ತಾರೆ. ಸರಳತೆ ಮುಖ್ಯವೇ ಹೌದು. ಆದರೆ ಇಷ್ಟು ಅಡ್ಡಾದಿಡ್ಡಿಯಾಗಿ ಬೀಳುವ ಸರಳತೆಯನ್ನು ನ್ಯಾಯವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಕಾಯ್ದೆಯ ಮಾತನ್ನೂ ಪೂರ್ತಿ ಓದಬೇಕು. ಗಳಿಕೆಯ ಶೇ 50 ಅಥವಾ ವೃತ್ತಿಪರರು ತಾವು ಗಳಿಸಿದ್ದೆಂದು ಹೇಳುವ ಅದಕ್ಕಿಂತ ಹೆಚ್ಚಿನ ಮೊತ್ತ ಎಂದು ಅದು ಹೇಳುತ್ತದೆ. ಆ ಎರಡನೆಯ ಮಾತು ಹೆಚ್ಚಿನವರ ರಿಟರ್ನ್‌ಗಳಲ್ಲಿ ಬದುಕುವುದೇ ಇಲ್ಲ, ಏಕೆಂದರೆ ಶೇ 90 ಉಳಿಸಿದವರೂ ಶೇ 50 ಬರೆಯುವುದೇ ರೂಢಿಯಾಗಿದೆ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಈ ರಿಯಾಯಿತಿ ಆಮಿಷವಾಗಿ ಬಳಕೆಯಾಗುವ ಬಗೆ. ದಿನವೂ ಅದೇ ವೇಳೆಗೆ ಹಾಜರಾಗಿ, ಒಬ್ಬರೇ ಮೇಲಧಿಕಾರಿಯ ಮಾತಿನಂತೆ ನಡೆಯುವವರ ಕೈಗೆ ನೇಮಕಾತಿ ಪತ್ರದ ಬದಲು ಸಲಹೆಗಾರರ ಕರಾರನ್ನು ಇಟ್ಟು, "ಟಿಡಿಎಸ್ ಶೇ 10 ಮಾತ್ರ, ಅರ್ಧಕ್ಕೆ ತೆರಿಗೆಯೇ ಇಲ್ಲ, ಕೈಗೆ ಹೆಚ್ಚು ಬರುತ್ತದೆ" ಎಂದು ಹೇಳುವುದು ಸುಲಭ. ಭವಿಷ್ಯನಿಧಿ, ಗ್ರಾಚ್ಯುಟಿ, ಸಂಬಳ ಸಹಿತ ರಜೆ, ಹೆರಿಗೆ ರಜೆ ಎಲ್ಲವೂ ಆ ಒಂದು ಸಹಿಯೊಂದಿಗೆ ಕಳಚಿಬೀಳುತ್ತವೆ. ಇಪ್ಪತ್ತೈದರ ಹರೆಯದಲ್ಲಿ ಕೈಗೆ ಬರುವ ಹೆಚ್ಚುವರಿ ಹಣ ಮಾತ್ರ ಕಾಣುತ್ತದೆ. ವೃತ್ತಿಪರರ ಅಭದ್ರತೆಗೆ ಪರಿಹಾರವೆಂದು ಸಮರ್ಥಿಸಲಾಗುವ ನಿಯಮವೇ ಆ ಅಭದ್ರತೆಯನ್ನು ಹೊಸದಾಗಿ ಹುಟ್ಟಿಸುತ್ತಿದ್ದರೆ, ಅದರ ಲಾಭ ನಿಜವಾಗಿ ಸಂದಾಯವಾಗುತ್ತಿರುವುದು ಕೆಲಸ ಕೊಡುವವರಿಗೆ.

ಅರ್ಧವನ್ನೇ ಆದಾಯವೆಂದು ಬರೆದವರಿಗೂ ಅದರ ಬಿಸಿ ತಟ್ಟುತ್ತದೆ. ಮನೆ ಸಾಲಕ್ಕೆ ಹೋದಾಗ ಬ್ಯಾಂಕು ಮೊದಲು ಕೇಳುವುದು ಹಿಂದಿನ ವರ್ಷಗಳ ರಿಟರ್ನ್‌ಗಳನ್ನು. 24 ಲಕ್ಷ ಗಳಿಸುವವರು ಅಲ್ಲಿ 12 ಲಕ್ಷದವರಾಗಿ ನಿಲ್ಲುತ್ತಾರೆ. ರಸ್ತೆ ಅಪಘಾತದಲ್ಲಿ ಮನೆಯ ದುಡಿಯುವ ಜೀವ ಹೋದರೆ, ಪರಿಹಾರ ನಿಗದಿಪಡಿಸುವ ನ್ಯಾಯಮಂಡಳಿ ಆದಾಯಕ್ಕೆ ಮುಖ್ಯ ಸಾಕ್ಷ್ಯವಾಗಿ ನೋಡುವುದೂ ಅವೇ ರಿಟರ್ನ್‌ಗಳನ್ನು.

ನಿಯಮವನ್ನು ಕಿತ್ತೊಗೆಯಬೇಕೆಂದು ನಾನು ಹೇಳುತ್ತಿಲ್ಲ. ವ್ಯಾಪಾರಿಗಳ ವಿಷಯದಲ್ಲಿ ಕಾಯ್ದೆ ಬ್ಯಾಂಕಿನ ಮೂಲಕ ಬಂದ ಹಣಕ್ಕೆ ಶೇ 6, ನಗದಿಗೆ ಶೇ 8 ಎಂದು ಈಗಾಗಲೇ ಎರಡು ದರಗಳನ್ನು ಇಟ್ಟಿದೆ. ಸಂಬಳ ಕೊಟ್ಟು ಕಚೇರಿ ನಡೆಸುವ ವೃತ್ತಿಪರರಿಗೆ ಲಾಭದ ಅಂದಾಜು ಶೇ 50ಕ್ಕಿಂತ ಕಡಿಮೆ, ಒಂದೇ ಸಂಸ್ಥೆಯಿಂದ ಇಡೀ ವರ್ಷದ ಗಳಿಕೆ ಪಡೆಯುವವರಿಗೆ ಅದಕ್ಕಿಂತ ಹೆಚ್ಚು ಎಂದು ಭೇದ ಮಾಡಲು ಬೇಕಾದ ಮಾಹಿತಿಯೂ ದೂರದಲ್ಲಿಲ್ಲ: ಯಾರು ಯಾರಿಗೆ ಎಷ್ಟು ಕೊಟ್ಟರೆಂಬುದು ಟಿಡಿಎಸ್ ವಿವರಗಳಲ್ಲಿ ಇಲಾಖೆಯ ಮುಂದೆಯೇ ಇದೆ.